ಹಂಪಮ್ಮ ಕಿತ್ತ ಮೊಗ್ಗುಗಳು

ರಾಯಚೂರು, ಜ್ಯೇಷ್ಠದ ನಲವತ್ತೊಂದನೇ ದಿನ, ಇಸವಿ ೨೩೧೬

ಮುನ್ನೂರು ವರ್ಷ ಹಿಂದಿರುವ ಹಿರಿಯರೇ,

ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತವಳು ನಾನು. ಮಾತು ಎಲ್ಲಾದರೂ ಎಡವಿದರೆ ಕ್ಷಮಿಸಿ. ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲು ಇಳಿಯುವವರೆಗೆ ನಾವು ತಿಂಗಳು ಬದಲಿಸುವುದಿಲ್ಲ.

ಇಲ್ಲಿ ಮನೆಗೊಂದೇ ದಾಸವಾಳ. ಅದರ ಕಾಂಡಕ್ಕೆ ‘ಬೇರುಪಟ್ಟಿ’ ಕಟ್ಟಿರುತ್ತಾರೆ, ಅಂದರೆ ಗಿಡದ ಕಚೇರಿ ಕೊಟ್ಟ ಪರವಾನಗಿ. ಹುಳ ಹತ್ತಿದ ಗಿಡವನ್ನು ಸುಡುತ್ತಾರೆ, ಹೂ ಕದ್ದವರ ಗಿಡವನ್ನು ಕೀಳುತ್ತಾರೆ. ನನ್ನದು ಐದೆಸಳಿನ ಕೆಂಪು ಜಾತಿ. ಬೆಳಿಗ್ಗೆ ಬುಡಕ್ಕೆ ಎರಡು ಚೊಂಬು ನೀರು, ಆಗಾಗ ಎಲೆಗೊಬ್ಬರ, ಮಳೆಗೆ ಮುಂಚೆ ತುದಿ ಕತ್ತರಿಸುವುದು, ಯಾವುದನ್ನೂ ತಪ್ಪಿಸಿರಲಿಲ್ಲ. ಆದರೂ ಈ ಬೇಸಿಗೆಯ ಆರಂಭದಲ್ಲಿ ಮೊಗ್ಗುಗಳು ಒಂದೊಂದಾಗಿ ಮಾಯವಾದವು. ಉದುರಿದ್ದರೆ ನೆಲದಲ್ಲಿ ಸಿಗಬೇಕಿತ್ತು. ತೊಟ್ಟಿನಲ್ಲಿ ಉಗುರಿನ ಗುರುತಿತ್ತು.

ಪಕ್ಕದ ಮನೆಯ ಹಂಪಮ್ಮನ ಗಿಡ ಮಾತ್ರ ಮೈತುಂಬ ಹೂ ಬಿಟ್ಟಿತ್ತು. ಅವಳು ಕೆಮ್ಮಿದರೂ ನಾನು ಕಿಟಕಿಗೆ ಬರತೊಡಗಿದೆ. ಒಂದು ಮುಂಜಾನೆ ಅವಳು ನನ್ನ ಗಿಡದತ್ತ ಬಾಗಿ ಏನನ್ನೋ ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಕೇಳುವ ಬದಲು ಕಚೇರಿಗೆ ದೂರು ಬರೆದೆ.

ಮಧ್ಯಾಹ್ನವೇ ಇಬ್ಬರು ಬಂದರು. ಅವಳ ಹಿತ್ತಲಲ್ಲಿ ಬೋಗುಣಿಯ ತುಂಬ ನನ್ನ ಮೊಗ್ಗುಗಳಿದ್ದವು. ಅವರಿಗೆ ಅಷ್ಟೇ ಸಾಕಾಯಿತು. ಅವಳ ಗಿಡವನ್ನು ಬೇರುಸಹಿತ ಕಿತ್ತು ಗಾಡಿಗೆ ಹಾಕಿದರು. ಹಂಪಮ್ಮ ಬೋಗುಣಿಗೆ ಅಡ್ಡವಾಗಿಯೇ ನಿಂತಿದ್ದಳು. ಗಾಡಿ ಹೋದಮೇಲೆ ಆ ಬೋಗುಣಿಯನ್ನು ತಂದು ನನ್ನೆದುರು ಇಟ್ಟಳು. ಅಂಟುವಾಳದ ನೊರೆನೀರಿನಲ್ಲಿ, ಮೊಗ್ಗುಗಳ ಸುತ್ತ, ಹತ್ತಿಯಂಥ ಬಿಳಿ ಹುಳಗಳು ತೇಲುತ್ತಿದ್ದವು.

“ನಿನ್ನ ಗಿಡಕ್ಕ ಹುಳ ಹತ್ತಿತ್ತು ತಂಗೀ. ಅವರು ನೋಡಿದ್ರ ಸುಡ್ತಿದ್ರು.”

“ನನಗ್ಯಾಕ ಹೇಳಲಿಲ್ಲ ಹಂಪಕ್ಕ?”

“ಹೇಳಿದ್ರ ನೀ ಹೆದರಿ ಕಚೇರಿಗೇ ಓಡ್ತಿದ್ದಿ ಅನ್ಕೊಂಡೆ.”

ಅವಳ ಅನುಮಾನ ಸುಳ್ಳಾಗಿರಲಿಲ್ಲ. ಮರುದಿನ ದೂರು ಹಿಂತೆಗೆಯಲು ಹೊರಟೆ. ನಿಜ ಹೇಳಿದರೆ ನನ್ನ ಗಿಡವೂ ಉಳಿಯದು ಎಂದು ಹೊಳೆದು ಕಚೇರಿಯ ಮೆಟ್ಟಿಲಿಂದಲೇ ಹಿಂದಿರುಗಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಆಮೇಲೆ ನನ್ನ ಗಿಡದಿಂದ ಬೆರಳು ದಪ್ಪದ ಟೊಂಗೆಯೊಂದನ್ನು ಓರೆಯಾಗಿ ಕತ್ತರಿಸಿ ಒದ್ದೆ ಮರಳಿನಲ್ಲಿ ಊರಿದೆ. ನಿನ್ನೆ ಹೊಸ ಎಲೆ ಬಿಟ್ಟ ಆ ಸಸಿಯನ್ನು ಅವಳ ಮನೆಗೆ ಒಯ್ದೆ. ಅದಕ್ಕೆ ಪಟ್ಟಿಯಿಲ್ಲ. ಹಂಪಮ್ಮ ಪ್ರತಿ ಎಲೆಯನ್ನೂ ಮಗುಚಿ ನೋಡಿದಳು, ಮಣ್ಣು ಮೂಸಿದಳು.

“ಇದನ್ನ ಇಟ್ಕೊಂಡ್ರ, ಈ ಸಲ ಯಾರಿಗೆ ಬರೀತಿ?” ಎಂದು ಕೇಳಿ ಕುಂಡವನ್ನು ನನ್ನ ಕೈಗೇ ವಾಪಸು ಕೊಟ್ಟಳು.

ಹಿರಿಯರೇ, ನಿಮ್ಮಲ್ಲಿ ಯಾರ ಬೇಲಿಯಿಂದ ಯಾರು ಬೇಕಾದರೂ ದಾಸವಾಳದ ಟೊಂಗೆ ಮುರಿದುಕೊಳ್ಳುತ್ತಾರಂತೆ. ಹಾಗೇ ಇರಲಿ. ಮುಂದೊಂದು ದಿನ ನಿಮ್ಮ ಓಣಿಯ ಗಿಡಗಳನ್ನು ಎಣಿಸಲು ಯಾರಾದರೂ ನಗುನಗುತ್ತ ಬಂದರೆ, ಗೊತ್ತಿಲ್ಲ ಎನ್ನಿ.

ಅಮರೇಶ್ವರಿ