ಬಟನ್ ಬಂದ್ ಮಾಡ್ರಿ

ಬನಹಟ್ಟಿ
೧೨-೨-೧೯೮೯

ಮಾದೇವಿ ಅಪ್ಪಾರಿಗೆ ಶಂಕ್ರೆವ್ವನ ಶರಣು.

ಮೈಯಾಗ ಹುಷಾರದೀರಿ? ಕೆಮ್ಮು ಕಡಿಮಿ ಆತೋ ಇಲ್ಲೋ? ಇಚಲಕರಂಜ್ಯಾಗ ಬುತ್ತಿ ಯಾರು ಕಟ್ಟಿಕೊಡತಾರಂತ ಮೂರು ಕಾಗದದಾಗ ಕೇಳೀನಿ, ಒಂದಕ್ಕೂ ಉತ್ತರಿಲ್ಲ. ಸಂಶಯ ಬರತೈತಿ ನೋಡ್ರಿ. ನಮ್ಮ ಮಗ ಶಿವಯೋಗಿ ಕರೆಂಟಿನ ಮಗ್ಗದಾಗ ಶಾಕ್ ಹೊಡದು ಹೋದ, ಹದಿನೈದು ದಿನಕ್ಕ ನೀವೂ ಊರ ಬಿಟ್ಟು ಅಲ್ಲಿ ದುಡಿಯಾಕ ಹೋದ್ರಿ. ಎರಡು ವರ್ಷಾತು.

ಮಗಳು ಮಾದೇವಿ ಮ್ಯಾಲೂ ಸಂಶಯ ಬಂದಿತ್ತು. ಆಕಿ ಪುಸ್ತಕದಾಗ ಹೆಗಲಮಟ ಕೂದಲ ಬಿಟ್ಟ ಹುಡುಗನ ಫೋಟೋ ಸಿಕ್ತು. ಕೇಳಿದ್ರ, "ಪುಣೆದಾಂವ ಬೇ ಯವ್ವಾ, ರಾಕ್ ಹಾಡತಾನ. ನಮ್ಮ ಜಮಖಂಡಿ ಕಾಲೇಜ ಗ್ಯಾದರಿಂಗಿಗೆ ಬರತಾನ" ಅಂದ್ಲು. ರಾಕೋ ಗೀಕೋ, ಇಬ್ಬರನೂ ಕೂಡೇ ಇದ್ದಾಗ ಹಿಡೀಬೇಕಂತ ನಾನೂ ಆಕಿ ಕೂಡ ಬಸ್ ಹತ್ತಿದೆ.

ಗ್ಯಾದರಿಂಗಿನ್ಯಾಗ ಅಂವನ ಹಾಡು ಸುರುವಾತು; ಆಕಿ ಕಣ್ಣ ಕಾಯ್ದೆ, ಅಂವನ ಕಣ್ಣ ಕಾಯ್ದೆ. ಅಂವ ಯಾರನ್ನೂ ನೋಡಾಂವಲ್ಲ. ಕಣ್ಣ ಮುಚ್ಚಿ, ಮೈಕಿನ ವಾಯರ ಕೈಗೆ ಸುತಗೊಂಡು, ಕೊಳ್ಳಾಗಿನ ನರ ಉಬ್ಬೂಹಂಗ ಒದರತಿದ್ದ. ಇಂಗ್ಲಿಷ ಹಾಡು, ನನಗೇನ ತಿಳೀಬೇಕು? ಆದ್ರ ಓಣ್ಯಾಗಿನ ಮಗ್ಗೆಲ್ಲಾ ಒಮ್ಮೆಲೆ ಎದಿಯೊಳಗ ಹೊಡದಂಗಾತು. ಕುಡದ ಸೋಡಾದಾಗ ಏನರೆ ಹಾಕ್ಯಾರೇನಂತ ಬಾಟಲಿ ಮೂಸಿ ನೋಡಿದೆ. ಅಷ್ಟರಾಗ ಸ್ಪೀಕರ ಕಿರ್ರ್ ಅಂತ ಚೀರಿತು, ಅಂವ ಗಡಗಡ ನಡುಗಿ ಮೊಣಕಾಲ ಮ್ಯಾಲೆ ಬಿದ್ದ, ವಾಯರ ಕೈಯಾಗ ಹಂಗ ಐತಿ. ಅಯ್ಯ ಶಿವನ, ಕರೆಂಟ ಹಿಡೀತು! "ಬಟನ್ ಬಂದ್ ಮಾಡ್ರಿ, ಬಟನ್ ಬಂದ್ ಮಾಡ್ರಿ" ಅಂತ ಒದರಕೋತ ಮಂದೀನ ತುಳದು ಸ್ಟೇಜಿನ ಬಗಲಿಗೆ ಓಡಿದೆ. ಅದು ಅಂವನ ಕುಣಿತಂತ ಹುಡುಗೂರು ನಕ್ಕವು. ಅಂವ ಹಾಡ ನಿಲ್ಲಿಸಿ ಎದ್ದು ಬಂದ, ಬಗ್ಗಿ ನನ್ನ ಕೈ ಹಿಡಿದ. ಕೈ ಬೆಚ್ಚಗಿತ್ತರೀ. ಶಿವಯೋಗಿಗೆ ಮಣ್ಣ ಕೊಟ್ಟ ದಿನ ಬರಲಾರದ ಅಳು ಅಲ್ಲಿ ಬಂತು. ನನ್ನ ಮುಂದ ಕುಂದರಿಸಿ ಮತ್ತ ಹಾಡಿದ, ಇನ್ನೂ ಜೋರಲೆ. ಮಾದೇವೀನೂ ಅತ್ತಳು. "ಅಣ್ಣ ಹೋದಮ್ಯಾಲೆ ಇಂವನ ಕ್ಯಾಸೆಟ್ ಕೇಳಿದ್ರಷ್ಟ ನನಗ ಅಳು ಬರತೈತಿ ಬೇ" ಅಂದ್ಲು. ನಾ ಎಂಥಾ ಹುಚ್ಚಿ! ಫೋಟೋ ಆಕಿ ಪುಸ್ತಕದಾಗ ಇರಲಿ ಬಿಡ್ರಿ.

ಬನಶಂಕರಿ ನಿಮ್ಮನ್ನ ತಣ್ಣಗ ಇಟ್ಟಿರಲಿ.

ನಿಮ್ಮ
ಶಂಕ್ರೆವ್ವ

ತಾ.ಕ.: ಖರೇ ಮಾತ ಉಳದ ಹೋತು. ಶಿವಯೋಗಿ ಬಿದ್ದ ದಿನ ಬಟನ್ ಬಾಜೂಕ ನೀವ ಇದ್ರಿ, ತಡಾ ಮಾಡಿದ್ರಿ ಅಂತ ನನ್ನ ಮನಸಿನ್ಯಾಗ ಸಂಶಯ ಇತ್ತು. ಬಾಯಿಬಿಟ್ಟ ಅನ್ನಲಿಲ್ಲ, ಆದ್ರ ನಿಮಗ ಗೊತ್ತಾಗಿತ್ತು. ಜಮಖಂಡ್ಯಾಗ ಬಟನ್ನಿನ ಬೋರ್ಡು ನನ್ನ ಕಣ್ಣ ಮುಂದ ಇತ್ತಂತ, ಮಾದೇವಿ ಹೇಳಿದ್ಲು. ಗಾಬರ್ಯಾಗ ನನಗ ಕಾಣಲಿಲ್ಲರೀ. ಮನಿಗಿ ಬರ್ರಿ.