ಹಿಮದ ಹಗೇವು ತೆರೆದ ಬೇಸಿಗೆ

ಪ್ಲವಂಗ ಸಂವತ್ಸರ, ಅಧಿಕ ಬೇಸಿಗೆ, ಹುಣ್ಣಿಮೆ ಕಳೆದ ಮೇಲೆ
ಕ್ರಿ.ಶ. ೨೨೦೭, ಧಾರವಾಡ

ಬೇಸಿಗೆ ರಜೆಗೆಂದು ಮಕ್ಕಳ ಬಟ್ಟೆ ಮಡಚುತ್ತಿರುವ ತಾಯಿಗೆ, ನಿಮಗಿಂತ ಎಷ್ಟೋ ತಲೆಮಾರು ಚಿಕ್ಕವಳಾದರೂ ವಯಸ್ಸಿನಲ್ಲಿ ಮುದುಕಿಯಾದ ದಾನಮ್ಮನ ಶರಣು.

ತಾರೀಖು ನೋಡಿ ಪತ್ರವನ್ನು ಬದಿಗೆ ಎಸೆಯಬೇಡಿ. ನಿಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರುವಂತೆ ನಮ್ಮದರಲ್ಲಿ ಅಧಿಕ ಬೇಸಿಗೆ ಬರುತ್ತದೆ. ವ್ಯತ್ಯಾಸವೆಂದರೆ ಅದು ಪ್ರತಿ ವರ್ಷವೂ ಬರುತ್ತದೆ, ಕರೆಯದೆ ಬಂದ ನೆಂಟನ ಹಾಗೆ ಬೇಗ ಹೋಗುವುದೂ ಇಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು. ಕ್ಷಮಿಸಿ. ಅಗತ್ಯವಿದ್ದಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ. ಮೊದಲಿಗೆ ಹಿಂದಂಚೆ: ಹಿಂದಿನ ಕಾಲದವರಿಗೆ ಬರೆದು ಹಾಕಲೆಂದು ನಮ್ಮ ಓಣಿಯ ಕೊನೆಯಲ್ಲಿ ಇಟ್ಟಿರುವ ಡಬ್ಬಿ. ಅದರೊಳಗಿನ ಪತ್ರಗಳು ತಲುಪುತ್ತವೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೂ ಡಬ್ಬಿ ದಿನಾ ತುಂಬುತ್ತದೆ. ಜನರಿಗೆ ಹೇಳಿಕೊಳ್ಳುವುದು ಬಹಳ ಇರುತ್ತದೆ ನೋಡಿ.

ನನ್ನ ಮಕ್ಕಳು ಸಣ್ಣವರಿದ್ದಾಗ ನಾವು ಒಂದು ಬೇಸಿಗೆ ಬುರಾಂಸಖಾಲಕ್ಕೆ ಹೋಗಿದ್ದೆವು. ಹಿಮಾಲಯದ ಮಡಿಲಿನ ಊರು ಅದು. ಒಂದು ಕಾಲಕ್ಕೆ ಜನ ಅಲ್ಲಿಗೆ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಲು ಹೋಗುತ್ತಿದ್ದರಂತೆ. ಮಗಳು ನಿಂಬೆಕ್ಕನಿಗೆ ಏಳು ವರ್ಷ, ಮಗ ಚನ್ನವೀರನಿಗೆ ನಾಲ್ಕು. ನಾನು, ಯಜಮಾನರು ಗುರುಪಾದ, ಎರಡು ಡಬ್ಬಿ ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ. ಹೋದದ್ದು ತೇಲುಬಂಡಿಯಲ್ಲಿ. ಗಾಳಿ ತುಂಬಿದ ದೊಡ್ಡ ಚೀಲದ ಕೆಳಗೆ ರೈಲಿನ ಡಬ್ಬಿಗಳನ್ನು ನೇತುಹಾಕಿದರೆ ಹೇಗೋ ಹಾಗಿರುತ್ತದೆ. ಎತ್ತಿನ ಗಾಡಿಗಿಂತ ತುಸು ಜೋರು, ಅಷ್ಟೇ. ಮಧ್ಯಾಹ್ನ ನೆರಳುಹೊತ್ತಿನ ಗಂಟೆ ಬಾರಿಸಿದ ಕೂಡಲೇ ಅದು ಯಾವುದಾದರೂ ಊರಿನಲ್ಲಿ ಇಳಿದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಬಿಸಿಲಿಗೆ ಹೊರಬರುವುದು ನಮ್ಮಲ್ಲಿ ನಿಷಿದ್ಧ. ಚನ್ನು ದಾರಿಯುದ್ದಕ್ಕೂ ವಾಂತಿ ಮಾಡಿದ. ನಿಂಬೆಕ್ಕ ದಾರಿಯುದ್ದಕ್ಕೂ ಅವನ ಬೆನ್ನು ಸವರಿದಳು. ಅವಳು ಹುಟ್ಟಿದ್ದೇ ಅಕ್ಕನಾಗಿ ಎಂದು ನಮ್ಮ ಅತ್ತೆ ಹೇಳುತ್ತಿದ್ದರು.

ಆ ಊರಿನಷ್ಟು ಚೆಂದದ ಊರನ್ನು ನಾನು ಮತ್ತೆ ನೋಡಲಿಲ್ಲ. ನಾವು ಇಳಿದುಕೊಂಡ ಮನೆಯ ಬಾಗಿಲ ಮೇಲೆ 'ಸ್ನೋ ವ್ಯೂ' ಎಂದು ಮಾಸಿದ ಹಲಗೆಯಿತ್ತು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂದು ಯಜಮಾನರು ನಕ್ಕರು. ಕಿಟಕಿಯಿಂದ ಕಾಣುತ್ತಿದ್ದುದು ಹುಲ್ಲು, ಬರೀ ಹುಲ್ಲು, ಅದರ ನಡುವೆ ಹಳದಿ ಹೂವು. ಹಿಂದೆ ಜನರನ್ನು ಗುಡ್ಡದ ತುದಿಗೆ ಒಯ್ಯುತ್ತಿದ್ದ ತಂತಿದಾರಿ ಈಗ ಆಲೂಗಡ್ಡೆ ಚೀಲಗಳನ್ನು ಕೆಳಗಿಳಿಸುತ್ತಿತ್ತು. ಅದರ ಹಳೆಯ ಕುರ್ಚಿಗಳನ್ನು ಪ್ರತಿ ಮನೆಯ ಜಗಲಿಯಲ್ಲೂ ಉಯ್ಯಾಲೆ ಮಾಡಿ ಕಟ್ಟಿದ್ದರು. ಹಿಂದೆ ಹಿಮದಲ್ಲಿ ಜಾರುವಾಗ ಊರುತ್ತಿದ್ದ ಕೋಲುಗಳ ಮೇಲೆ ಅವರೆಬಳ್ಳಿ ಹಬ್ಬಿತ್ತು. ಮಕ್ಕಳು ಜಾರುಹಲಗೆಗಳಿಗೆ ಮೇಣ ಹಚ್ಚಿ ಇಬ್ಬನಿ ಆರುವ ಮುಂಚೆ ಹುಲ್ಲಿನ ಮೇಲೆ ಜಾರುತ್ತಿದ್ದರು. ಅದಕ್ಕೆ ಹುಲ್ಲುಜಾರು ಎಂದು ಹೆಸರು. ನಮ್ಮ ಮಕ್ಕಳು ಬಿದ್ದರು, ಎದ್ದರು, ಮೈಯೆಲ್ಲ ಹಸಿರಾಗಿ ಬಂದರು. ಬೆವರದೆ ಹೊದ್ದು ಮಲಗುವ ಸುಖ ನನಗೆ ಆಗ ಮೊದಲ ಸಲ ಸಿಕ್ಕಿತು. ಯಜಮಾನರು ಉಯ್ಯಾಲೆಯಲ್ಲಿ ಕುಳಿತು ಸೇಬು ಹೆಚ್ಚಿ ನನ್ನ ಕೈಗೆ ಕೊಡುತ್ತಿದ್ದರು. ಅವರು ಹೋಗಿ ಹನ್ನೊಂದು ವರ್ಷವಾಯಿತು. ಸೇಬು ಕಂಡರೆ ಈಗಲೂ ಅವರೇ ನೆನಪಾಗುತ್ತಾರೆ.

ಆದರೆ ನಾವು ಅಷ್ಟು ದೂರ ಹೋದದ್ದು ಹುಲ್ಲಿಗಾಗಿ ಅಲ್ಲ, ಹಗೇವಿಗಾಗಿ. ನಮ್ಮ ಕಡೆ ಜೋಳ ತುಂಬಿಡುವ ನೆಲಗುಳಿಗೆ ಹಗೇವು ಅನ್ನುತ್ತೇವಲ್ಲ, ಆ ಊರಿನವರು ಹಿಮಕ್ಕೆ ಅಂಥದೊಂದು ಮಾಡಿಕೊಂಡಿದ್ದರು. ಚಳಿಗಾಲದಲ್ಲಿ ಒಂದು ದಿನವೋ ಎರಡು ದಿನವೋ ಬೀಳುವ ಹಿಮವನ್ನು ಊರಿಗೆ ಊರೇ ಸೇರಿ ಬಾಚಿ, ಗುಳಿಗೆ ತುಂಬಿ, ಮೇಲೆ ದೇವದಾರು ಮರದ ಹೊಟ್ಟನ್ನು ಆಳೆತ್ತರ ಹರಡುತ್ತಿದ್ದರು. ಬೇಸಿಗೆಯಲ್ಲಿ ಮಕ್ಕಳಿಗೆ ರಜೆ ಬಂದಾಗ ಅದನ್ನು ತೆರೆಯುತ್ತಿದ್ದರು. ದೇಶದ ಪ್ರತಿ ಮಗುವಿಗೂ ಜನ್ಮದಲ್ಲಿ ಒಂದು ಸಲ ಬಿಳಿಸರದಿ, ಎಂದರೆ ಹಿಮ ಮುಟ್ಟುವ ಸರದಿ. ಮಗು ಒಂದು ಜೊತೆ ಹಳೆಯ ಜಾರುಹಲಗೆಗಳ ಮೇಲೆ ನಿಲ್ಲಬೇಕು, ಎರಡೂ ಕೈ ಚಾಚಬೇಕು. ಬುರಾಂಸ್ ಗಿಡದ ಎಲೆಯ ಮೇಲೆ ಹಿಮದುಂಡೆ ಇಟ್ಟುಕೊಡುತ್ತಾರೆ. ನಮ್ಮಿಬ್ಬರು ಮಕ್ಕಳಿಗೂ ಸರದಿಯ ಕರೆ ಬಂದಿತ್ತು. ಊರು ತಲುಪಿದ ಮೇಲೆ ಗೊತ್ತಾಯಿತು, ಹಿಂದಿನ ಚಳಿಗಾಲದಲ್ಲಿ ಹಿಮ ಬೀಳಲೇ ಇಲ್ಲ. ಹಗೇವಿನಲ್ಲಿ ಉಳಿದಿದ್ದುದು ಅದಕ್ಕೂ ಹಿಂದಿನ ವರ್ಷದ ತಳ. ಇದೇ ಕೊನೆಯ ಸಲ ತೆರೆಯುವುದು, ಒಂದು ಮನೆಗೆ ಒಂದೇ ಉಂಡೆ, ಒಂದೇ ಮಗು ನಿಲ್ಲಬೇಕು ಎಂದು ಹಗೇವಿನ ಒಡತಿ ಭಾಗೀರಥಿ ನೇಗಿ ಎಲ್ಲರೆದುರು ಹೇಳಿದಳು.

ಯಾರು ನಿಲ್ಲಬೇಕು? ಇದಕ್ಕಾಗಿ ನಾವು ಗಂಡಹೆಂಡತಿ ಜಗಲಿಯಲ್ಲಿ ಜಗಳವಾಡಿದೆವು. "ಸಣ್ಣಾವಗ ಕೊಡೂಣು. ದೊಡ್ಡಾಕಿಗೆ ಹೇಳಿದ್ರ ತಿಳೀತೈತಿ" ಎಂದರು ಅವರು. ನನಗೆ ಎಲ್ಲಿತ್ತೋ ಸಿಟ್ಟು. "ತಿಳಿಯಾಕಿಗೇ ಯಾವಾಗ್ಲೂ ಇಲ್ಲಾ ಅನ್ನೂದೇನು?" ಎಂದೆ. ನಾನೂ ಮನೆಗೆ ಹಿರಿಯ ಮಗಳು, ತಿಳಿದವಳು ಎನ್ನಿಸಿಕೊಂಡೇ ಬೆಳೆದವಳು. ಈ ಒಂದು ವಿಷಯದಲ್ಲಾದರೂ ನನ್ನ ಮಗಳು ಬಿಟ್ಟುಕೊಡಬಾರದು ಎಂದು ಹಟ ಹಿಡಿದೆ. ಕೊನೆಗೆ ನನ್ನ ಮಾತೇ ಗೆದ್ದಿತು. ಚನ್ನುವಿಗೆ ಒಂದು ಪೀಪಿ ಕೊಡಿಸಿ ಸಮಾಧಾನ ಮಾಡಿದೆವು.

ಮರುದಿನ ಬೆಳಿಗ್ಗೆ ನಿಂಬೆಕ್ಕ ಹಲಗೆಗಳ ಮೇಲೆ ನಿಂತಳು. ಎಲೆಯ ಮೇಲೆ ಬಂದ ಉಂಡೆ ನಿಂಬೆಹಣ್ಣಿಗಿಂತ ದೊಡ್ಡದಿರಲಿಲ್ಲ. ಹೊಟ್ಟಿನ ಚೂರು ಮೆತ್ತಿಕೊಂಡು ಕಂದಾಗಿತ್ತು. ಅವಳು ಅದನ್ನು ನೋಡಿದಳು, ಕೆಳಗೆ ನಿಂತ ತಮ್ಮನನ್ನು ನೋಡಿದಳು. ಆಮೇಲೆ, "ತಡಿಯವ್ವಾ, ಗುಬ್ಬಿ ಎಂಜಲ ಮಾಡ್ತೇನಿ. ಇಬ್ಬರಿಗೂ ಬರ್ತೈತಿ" ಎಂದವಳೇ ಉಂಡೆಯನ್ನು ಲಂಗದ ಅಂಚಿನಲ್ಲಿ ಸುತ್ತಿ ಹಲ್ಲಿನಿಂದ ಕಚಕ್ಕನೆ ಕಚ್ಚಿದಳು. ಗುಬ್ಬಿ ಎಂಜಲು ಏನೆಂದು ನಿಮಗೆ ಹೇಳಬೇಕಾಗಿಲ್ಲ, ಅದು ನಿಮ್ಮಿಂದಲೇ ನಮಗೆ ಬಂದದ್ದು. ಬಟ್ಟೆ ಅಡ್ಡ ಹಿಡಿದು ಪೆಪ್ಪರ್‌ಮಿಂಟ್ ಒಡೆದರೆ ಎಂಜಲಾಗುವುದಿಲ್ಲ, ಹಂಚಿ ತಿನ್ನಬಹುದು. ಏಳು ವರ್ಷದ ಮಗುವಿಗೆ ಗೊತ್ತಿದ್ದ ನ್ಯಾಯ ಅದೊಂದೇ. "ಅರೇ ಬಿಟಿಯಾ, ಕಪಡಾ ನಹೀಂ!" ಬಟ್ಟೆ ಬೇಡ ಮಗಳೇ ಎಂದು ಭಾಗೀರಥಿ ಕೂಗುವಷ್ಟರಲ್ಲಿ ಬಟ್ಟೆ ತನ್ನ ಕೆಲಸ ಮಾಡಿತ್ತು. ಮೈಯ ಬಿಸಿ ಹತ್ತಿದ್ದ ನೂಲಿನ ಲಂಗ ಹಿಮವನ್ನು ಕುಡಿದುಬಿಟ್ಟಿತು. ಬಿಚ್ಚಿ ನೋಡಿದರೆ ಉಳಿದಿದ್ದುದು ಕಡಲೆಕಾಳಿನಷ್ಟು ಒಂದು ಚೂರು. ನಾನು ಬಾಯಿ ತೆರೆಯುವ ಮೊದಲೇ ಅವಳು ಅದನ್ನು ತಮ್ಮನ ಬಾಯಿಗೆ ಹಾಕಿದ್ದಳು.

ಹುಟ್ಟಿದಾಗಿನಿಂದ ಅಷ್ಟು ತಣ್ಣಗಿನದೇನೂ ಬಾಯಿಗಿಡದ ಆ ಹುಡುಗ "ಯವ್ವಾ, ಸುಡತೈತಿ!" ಎಂದು ಚೀರಿ ಅದನ್ನು ಹೊಟ್ಟಿನ ಮೇಲೆ ಉಗುಳಿದ. ನಿಂಬೆಕ್ಕ ಅಳಲಿಲ್ಲ. ಒದ್ದೆಯಾದ ಲಂಗದ ಅಂಚನ್ನು ಬಾಯಿಗಿಟ್ಟು ಚೀಪಿದಳು, ನನ್ನ ಮುಖ ನೋಡಿ "ಭಾಳ ಛಲೋ ಐತಿ" ಎಂದಳು. ಅತ್ತದ್ದು ನಾನು. ಯಜಮಾನರು ಇಬ್ಬರನ್ನೂ ಎತ್ತಿಕೊಂಡು ಹುಲ್ಲಿನ ಇಳಿಜಾರಿನಲ್ಲಿ ಇಳಿದು ಹೋದರು. ಹಿಂದಿನಿಂದ ನಾನು ಅಳುತ್ತಲೂ ನಗುತ್ತಲೂ ಹೋದೆ.

ಈಗ ನಿಂಬೆಕ್ಕನಿಗೂ ಮಗಳಿದ್ದಾಳೆ. ಹಿಮ ಹೇಗಿತ್ತು ಎಂದು ಆ ಮಗು ಕೇಳಿದರೆ ಚನ್ನು ಮಾವ "ಸುಡತಿತ್ತು" ಅನ್ನುತ್ತಾನೆ. ನಿಂಬೆಕ್ಕ, "ನನ್ನ ಲಂಗದ ರುಚಿ ಇತ್ತ ನೋಡ" ಅನ್ನುತ್ತಾಳೆ. ಎಲ್ಲರೂ ನಗುತ್ತಾರೆ. ನಾನು ಏನೋ ನೆಪ ಹೇಳಿ ಒಳಗೆ ಹೋಗುತ್ತೇನೆ. ಆ ಬೇಸಿಗೆಯಷ್ಟು ಸುಖದ ದಿನಗಳು ನನ್ನ ಬಾಳಿನಲ್ಲಿ ಬೇರೆ ಇಲ್ಲ, ಅದರಷ್ಟು ಹೊಟ್ಟೆ ಉರಿಸುವ ನೆನಪೂ ಇಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಕಾಲದ ಚಿತ್ರಗಳಲ್ಲಿ ನೋಡಿದ್ದೇನೆ: ಮೇ ತಿಂಗಳಿನಲ್ಲೂ ಅಂಥ ಊರುಗಳ ದಾರಿಯ ತಿರುವಿನಲ್ಲಿ, ಬಂಡೆಯ ನೆರಳಿಗೆ, ಲಾರಿ ಹೊಗೆ ಕುಡಿದು ಕಪ್ಪಾದ ಹಿಮದ ಗುಡ್ಡೆ ಬಿದ್ದಿರುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ನೀವು ಗಾಡಿ ನಿಲ್ಲಿಸಿ. ಹೊಲಸು, ಮುಟ್ಟಬೇಡ ಎನ್ನಬೇಡಿ. ನೆಗಡಿಯಾಗುತ್ತದೆ ಎನ್ನಬೇಡಿ. ಆಗಲಿ, ಕಷಾಯ ಇದ್ದೇ ಇದೆ. ದೊಡ್ಡ ಮಗುವನ್ನು ಮೊದಲು ಇಳಿಸಿ, ಎರಡೂ ಕೈ ತುಂಬ ಕೊಡಿ. ಅದು ಚಿಕ್ಕದರ ಕಡೆ ನೋಡಿ ಬಟ್ಟೆಯ ಅಂಚಿಗೆ ಕೈ ಹಾಕಿದರೆ, ಆ ಕೈ ಹಿಡಿದು ಹೇಳಿ: ಅವನಿಗೆ ಬೇರೆ ಇದೆ ಮಗಾ, ಇದು ಪೂರ್ತಿ ನಿನ್ನದು.