ಏಟು ತಿಂದರೆ ಜೀವ ಹೆಚ್ಚುವ ಆಟ

ಓಲ್ಡ್ ಟೌನ್, ಭದ್ರಾವತಿ
19-8-2003

ರಂಜಿನಿಗೆ,

ಪ್ರೀತಿಯ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಪ್ರೀತಿ ಇದೆ, ಆದರೆ ಅದಕ್ಕಿಂತ ಮುಂದೆ ಸಿಟ್ಟು ಬಂದು ನಿಂತಿದೆ. ನಿನ್ನ ಪತ್ರದ ಕ್ಷೇಮ ಸಮಾಚಾರವೆಲ್ಲ ಮುಗಿದು ಕೊನೆಯ ಪುಟಕ್ಕೆ ಬಂದಾಗ ಮೈಯೆಲ್ಲ ಉರಿದುಹೋಯಿತು ಮಾರಾಯ್ತಿ.

ಆನಂದ್ ಸ್ಟೀಲ್ ಲೋಟ ಎಸೆದರು, ಹುಬ್ಬು ಒಡೆಯಿತು, ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಡಾಕ್ಟರಿಗೆ ಹೇಳಿದೆ ಅಂತ ಬರೆದಿದ್ದೀಯ. ಮದುವೆಯಾಗಿ ವರ್ಷ ತುಂಬಿಲ್ಲ. ಕಂಪ್ಯೂಟರ್ ಕ್ಲಾಸಿಗೆ ಹೋಗಲಾ ಎಂದು ಕೇಳಿದ್ದಕ್ಕೆ ಇಷ್ಟು! ಅದರ ಕೆಳಗೇ, ಏನೋ ತಮಾಷೆ ಎಂಬಂತೆ, ನಮ್ಮ ಜಪಾನಿ ಗೇಮನ್ನು ನೆನಪಿಸಿದ್ದೀಯ. ಅದರಲ್ಲಿ ಏಟು ತಿಂದವರಿಗೇ ಜೀವ ಹೆಚ್ಚುತ್ತಿತ್ತಲ್ಲ, ನಾನೂ ಹಾಗೇ ಗಟ್ಟಿಯಾಗ್ತಿದ್ದೀನಿ ಅಂತೆ! ನಿನ್ನ ಗಂಡನ ಮೇಲೆ ಬಂದಷ್ಟೇ ಸಿಟ್ಟು ನಿನ್ನ ಮೇಲೂ ಬಂತು.

ಸರಿ, ನೆನಪು ಮಾಡಿಕೊಂಡೆಯಲ್ಲ, ಪೂರ್ತಿ ಮಾಡಿಕೋ. ನಿನ್ನ ಚಿಕ್ಕಪ್ಪ ಮದ್ರಾಸಿನಿಂದ ವಿಡಿಯೋ ಗೇಮ್ ತಂದಾಗ ನಾವು ಎಂಟನೇ ಕ್ಲಾಸು. ಜೊತೆಗೆ ಬಂದ ಕ್ಯಾಸೆಟ್ಟುಗಳಲ್ಲಿ ಒಂದು, ಯಾವುದೋ ಜಪಾನಿ ಕಥೆಯ ಎರಡನೇ ಭಾಗ. ಮೊದಲ ಭಾಗ ನಾವು ಕಂಡೇ ಇರಲಿಲ್ಲ. ಕತ್ತಿ, ಮಂತ್ರ, ಊರು ಸುಡುವ ಚಕ್ರವರ್ತಿ, ಅವನಿಂದ ತಪ್ಪಿಸಿಕೊಂಡ ಮೂವರು ಅನಾಥರು. ಅಕ್ಷರ ಒಂದೂ ಬಾರದು. ಆದರೂ ದಸರಾ ರಜೆಯೆಲ್ಲ ನಿಮ್ಮ ಮನೆಯ ಟಿವಿ ಮುಂದೆ ಕೂತು, ಅವರ ಮಾತನ್ನೆಲ್ಲ ನಾವೇ ಕನ್ನಡದಲ್ಲಿ ಆಡಿದೆವು. ಧಾರಾವಾಹಿ ತಪ್ಪಿತೆಂದು ನಿನ್ನ ಅಮ್ಮ ಬೈಯುತ್ತಿದ್ದರು.

ಬೇರೆ ಗೇಮುಗಳಲ್ಲಿ ಶತ್ರುವನ್ನು ಕೊಂದರೆ ಬಲ ಬರುತ್ತಿತ್ತು. ಇದರಲ್ಲಿ ಕತ್ತಿ ಬೀಸಿದವನಿಗೆ ಕತ್ತಿ ಪಳಗುತ್ತದೆ, ಏಟು ತಿಂದವನಿಗೆ ಜೀವದ ಅಂಕಿ ಏರುತ್ತದೆ. ಅದು ತಿಳಿದ ಮೇಲೆ ನಾವು ಮಾಡಿದ್ದೇನು? ಶತ್ರುಗಳನ್ನು ಬಿಟ್ಟು ನಮ್ಮವರಿಗೇ ಹೊಡೆದೆವು. ನಡುವೆ ಬಂದು ಸೇರಿಕೊಂಡ ಗಡ್ಡದ ದೊಡ್ಡಾಳು, ನೀನು ಹನುಮಣ್ಣ ಎಂದು ಹೆಸರಿಟ್ಟಿದ್ದೆಯಲ್ಲ, ಅವನಿಗೇ ಹೆಚ್ಚು. ಅವನು ಸುಮ್ಮನೆ ನಿಂತು ಏಟು ತಿನ್ನುತ್ತಿದ್ದ. ಅಂಕಿ ಏರಿದ ಹಾಗೆಲ್ಲ ನೀನು ಚಪ್ಪಾಳೆ ತಟ್ಟುತ್ತಿದ್ದೆ.

ಆಮೇಲೆ ಹನುಮಣ್ಣ ಏನಾದ? ಅದನ್ನೇಕೆ ಬರೆಯಲಿಲ್ಲ ನೀನು? ಗುಹೆಯ ಸೂರು ಕುಸಿದಾಗ ಹೆಗಲು ಕೊಟ್ಟು ನಿಂತ. ಉಳಿದವರು ಹೊರಗೆ ಬಂದರು, ಅವನು ಅಲ್ಲೇ ಸತ್ತ. ಎಲ್ಲರಿಗಿಂತ ಹೆಚ್ಚು ಜೀವ ಇದ್ದವನು ಅವನೇ! ತಿಂದ ಏಟು ಒಂದೂ ಅವನ ಉಪಯೋಗಕ್ಕೆ ಬರಲಿಲ್ಲ. ನೀನು ಗೋಳೋ ಎಂದು ಅತ್ತುಬಿಟ್ಟೆ. ಹಿಂದೆ ಸೇವ್ ಮಾಡಿದ್ದ ಜಾಗದಿಂದ ಮತ್ತೆ ಆಡಿ, ಅವನಿಗೆ ಇನ್ನಷ್ಟು ಹೊಡೆದು, ಇನ್ನಷ್ಟು ಗಟ್ಟಿ ಮಾಡಿದೆ. ಆಗಲೂ ಸತ್ತ. ಅವನು ಎಷ್ಟೇ ಗಟ್ಟಿಯಾದರೂ ಅಲ್ಲಿ ಸಾಯಬೇಕೆಂದೇ ಕಥೆ ಬರೆದಿಟ್ಟಿದ್ದರು.

ಇನ್ನೊಂದು ಕೇಳು. ಸಿಟ್ಟಿನಲ್ಲೇ ಬ್ರೌಸಿಂಗ್ ಸೆಂಟರಿಗೆ ಹೋಗಿ ಆ ಗೇಮ್ ಬಗ್ಗೆ ಹುಡುಕಿದೆ. ಈಗಲೂ ಅದಕ್ಕೆ ಪ್ರಾಣ ಬಿಡುವವರಿದ್ದಾರೆ. ನಮ್ಮ ಹಾಗೇ ತಮ್ಮವರನ್ನೇ ಬಡಿದು ಬೆಳೆಸಿದವರು ದೇಶದೇಶಗಳಲ್ಲಿದ್ದು, ಪುಟಗಟ್ಟಲೆ ಜಗಳ ಆಡಿದ್ದಾರೆ. ಕಥೆ ಚೆನ್ನ, ಆ ನಿಯಮ ಮಾತ್ರ ದರಿದ್ರ ಅಂತ ಬಹಳ ಜನ. ಮೂರನೇ ಭಾಗ ಮಾಡುವಾಗ ಮಾಡಿದವರೇ ಅದನ್ನು ತೆಗೆದುಹಾಕಿದರಂತೆ. ಜಪಾನಿನವರು ಕೈಬಿಟ್ಟ ನಿಯಮವನ್ನು ನೀನು ಶಿವಮೊಗ್ಗದ ದುರ್ಗಿಗುಡಿ ಬಡಾವಣೆಯ ಆ ಮನೆಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತಿದ್ದೀಯಲ್ಲೇ!

ನಿನ್ನ ಅಮ್ಮನ ಹತ್ತಿರವೂ ಹೋಗಿದ್ದೆ. ತಾಳಿದವನು ಬಾಳಿಯಾನು ಅಂದರು. ಹಾಗಾದರೆ ಹೊಡೆಯುವವನು ಒಂದಿಷ್ಟು ತಾಳಲಿ, ಅವನೂ ಬಾಳುತ್ತಾನೆ ಎಂದೆ. ಕಾಫಿಯನ್ನೂ ಕೊಡದೆ ಕಳಿಸಿದರು. ಅಲ್ಲಿ ನಿನಗೆ ಸದ್ಯಕ್ಕೆ ಜಾಗ ಸಿಗುತ್ತದೆಂಬ ನಂಬಿಕೆ ನನಗಿಲ್ಲ. ನಮ್ಮಲ್ಲಿದೆ. ನನ್ನ ಹೊಲಿಗೆ ಮಿಷನ್ ಪಕ್ಕಕ್ಕೆ ಸರಿಸಿ ಮಂಚ ಹಾಕಿಸಿದ್ದೇನೆ. ನಮ್ಮ ದೊಡ್ಡಮ್ಮ ಶಂಕರಮ್ಮನವರು ಒಪ್ಪಿದ್ದಷ್ಟೇ ಅಲ್ಲ, ಆನಂದನಿಗೆ ಎರಡು ಬಿಗಿಯಬೇಕು ಅಂತ ಸೆರಗು ಕಟ್ಟಿ ಕೂತಿದ್ದಾರೆ.

ಭಾನುವಾರ ಬರುತ್ತೇನೆ. ಬೇಡ ಎಂದು ಬರೆಯಬೇಡ. ನೀನು ಗಟ್ಟಿಯಾಗುತ್ತಿಲ್ಲ ರಂಜಿನಿ. ನನ್ನ ಹೊಸ ಪೆನ್ನು ನಿನ್ನ ಕೈಯಲ್ಲಿ ಮುರಿದಾಗಲೂ ಪೆನ್ನಿನದೇ ತಪ್ಪು ಎಂದು ವಾದಿಸಿದವಳು ನೀನು. ಈಗ ಪತ್ರದ ತುಂಬ ಕ್ಷಮಿಸು, ಕ್ಷಮಿಸು ಅಂತ ಬರೆದಿದ್ದೀಯ. ಯಾತಕ್ಕೆ? ಅದನ್ನು ಓದುವುದೇ ನನಗೆ ಹೆಚ್ಚು ಕಷ್ಟವಾಯಿತು.

ಇಂತಿ,
ಸಿಟ್ಟಿಳಿಯದ
ಭವಾನಿ

ಮರುಬರಹ: ಮೇಲಿನದೆಲ್ಲ ಬರೆದದ್ದು ನಿನ್ನೆ. ಸ್ಟಾಂಪ್ ಹಚ್ಚಿ ಪೋಸ್ಟ್ ಡಬ್ಬಿಯ ಮುಂದೆ ನಿಂತಾಗ ತಲೆಗೆ ಹೊಳೆಯಿತು, ಮನೆಗೆ ಬರುವ ಪತ್ರವನ್ನೆಲ್ಲ ನಿನ್ನತ್ತೆಯೇ ಮೊದಲು ಒಡೆದು ಓದುತ್ತಾರೆ ಅಂತ ನೀನೇ ಬರೆದಿದ್ದೆ. ಅಲ್ಲದೆ ಭಾನುವಾರದವರೆಗೆ ಕಾಯುವುದು ನನ್ನಿಂದಾಗದು. ದೊಡ್ಡಮ್ಮನನ್ನು ಕರೆದುಕೊಂಡು ಶಿವಮೊಗ್ಗದ ಬಸ್ ಹತ್ತಿಬಿಟ್ಟೆ. ಶ್ರಾವಣದ ಅರಿಶಿನ ಕುಂಕುಮಕ್ಕೆ ಕರೆಯಲು ಬಂದೆ ಅಂತ ಹೇಳಿ, ಕುಂಕುಮದ ತಟ್ಟೆಯ ಅಡಿಯಲ್ಲಿಟ್ಟು ದೊಡ್ಡಮ್ಮ ಇದನ್ನು ನಿನಗೆ ಕೊಟ್ಟಿರುತ್ತಾರೆ. ನೀನು ಕಾಫಿ ಮಾಡುವ ನೆಪದಲ್ಲಿ ಒಳಗೆ ನಿಂತು ಓದುತ್ತಿರುವಾಗ ಅವರು ನಿನ್ನತ್ತೆಯನ್ನು ಮಾತಿಗೆಳೆದು ಕೂತಿರುತ್ತಾರೆ. ನಾನು ರಸ್ತೆಯ ಮೂಲೆಯಲ್ಲಿ ಆಟೋ ನಿಲ್ಲಿಸಿಕೊಂಡಿದ್ದೇನೆ. ಒಲೆ ಆರಿಸು. ಮಾರ್ಕ್ಸ್ ಕಾರ್ಡ್ ತೆಗೆದುಕೋ, ಸೀರೆಗಳು ಇದ್ದರೆ ಇರಲಿ ಅಲ್ಲೇ. ಹಿತ್ತಲಿನಿಂದ ಬರಬೇಡ, ಮುಂಬಾಗಿಲಿನಿಂದಲೇ ಬಾ.